ಕರಿತುದಿಯ ಕೊಳಲಿನ ಗೋಪಾಲ

ದನಕರುಗಳ ಕಾಲ್ದಾರಿಯಲ್ಲದೆ ಬೇರೆ ಹಾದಿಯೇ ಇಲ್ಲದಿದ್ದ ಪುರಾತನ ಯುಗವೊಂದರಲ್ಲಿ, ಇಂದು ಭಕ್ತರು ಕೈಕಾಲು ತೊಳೆದು ಮೆಟ್ಟಿಲೇರುವ ಇದೇ ಕೆಂಡಗಿರಿಯ ತಪ್ಪಲಿನಲ್ಲಿ, ಧೌತಕೇತುವೆಂಬ ಮಹರ್ಷಿಯು ಹನ್ನೆರಡು ಸಂವತ್ಸರಗಳ ಮೌನವ್ರತವನ್ನು ಕೈಗೊಂಡು, ಸ್ವಹಸ್ತದಿಂದ ಕಡೆದ ವೇಣುಗೋಪಾಲನ ಶಿಲಾಮೂರ್ತಿಗೆ ಪ್ರಾಣಪ್ರತಿಷ್ಠೆ ಮಾಡುವ ಸಂಕಲ್ಪದಿಂದ ತಪೋನಿರತನಾಗಿದ್ದನು. ವ್ರತ ಮುಗಿಯುವ ದಿನ ನಡುಮಧ್ಯಾಹ್ನದ ಮುಹೂರ್ತದಲ್ಲಿ, ಹೋಮಾಗ್ನಿಯು ಉರಿಯುತ್ತಿರುವಾಗಲೇ, ಕೊಳಲ ದನಿಯು ಮೂರ್ತಿಯ ಕಿವಿಗೆ ಬೀಳಬೇಕು. ತಪ್ಪಿದರೆ ಕಲ್ಲು ಕಲ್ಲಾಗಿಯೇ ಉಳಿಯುವುದೆಂದು ವಿಧಿಯಿತ್ತು.

ಗಿರಿಯ ಬೆನ್ನಿಗಿದ್ದ ಹಟ್ಟಿಯಲ್ಲಿ ಕದರಯ್ಯನೆಂಬ ಗೊಲ್ಲನಿದ್ದನು. ಅವನಲ್ಲಿದ್ದುದು ಗಣೆ. ಎರಡು ಮೊಳಕ್ಕೂ ಮೀರಿದ ಬಿದಿರು. ಅಡ್ಡಲಾಗಿ ಹಿಡಿಯದೆ ನೀಳವಾಗಿ ಹಿಡಿದು, ಮೇಲ್ತುದಿಯ ಅಂಚಿಗೆ ತುಟಿಯನ್ನು ಓರೆಯಾಗಿಟ್ಟು ಊದುವ ಕೊಳಲು. ಅದು ಅವನ ತಂದೆಯದು. "ನನ್ನ ಕೈಲಿ ಆಗಲಿಲ್ಲ ಮಗ, ನೀನಾರ ಇದನ್ನ ದ್ಯಾವರ ಮುಂದೆ ಒಂದ್ಸಾರಿ ಊದು" ಎಂದು ಹೇಳಿಯೇ ಆ ತಂದೆ ಕಣ್ಣು ಮುಚ್ಚಿದ್ದನು. ಋಷ್ಯಾಶ್ರಮಕ್ಕೆ ಕೊಳಲಿನವರು ಬೇಕಂತೆ ಎಂಬ ಸುದ್ದಿ ಹಟ್ಟಿಗೆ ಮುಟ್ಟಿದಾಗ ಕದರಯ್ಯನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಗಣೆಗೆ ಎಣ್ಣೆ ಸವರಿ, ಒಗೆದ ಕಂಬಳಿ ಹೊದ್ದು ಬೆಟ್ಟ ಇಳಿದನು.

ಇಳಿದು ನೋಡಿದರೆ ಅಲ್ಲಿ ಘಟಾನುಘಟಿಗಳೇ ನೆರೆದಿದ್ದರು. ಒಂದೇ ಸ್ವರವನ್ನು ನೂರು ಬಗೆಯಲ್ಲಿ ಬಳುಕಿಸಿ ಗಮಕದ ಸುರಿಮಳೆಗರೆಯುವ ದಕ್ಷಿಣದ ವೈಣವಿಕಚಕ್ರವರ್ತಿ. ಒಂದು ಸ್ವರದ ಮೇಲೆ ಕುಳಿತರೆ ಸೂರ್ಯ ಮಾರುದ್ದ ಸರಿದರೂ ಏಳದ ಉತ್ತರದ ಮುರಳೀಮಣಿ. ಕುಣಿಯುವವರ ಹೆಜ್ಜೆಗೆ ಹೆಜ್ಜೆ ಕೊಡುವ ಕಡಲತೀರದ ವಂಶೀವಲ್ಲಭ. ಮೂವರ ವಿದ್ಯೆಯೂ ನಿಜವಾದದ್ದೇ, ಸುಳ್ಳು ಹೇಳಬಾರದು. ಮೊದಲು ಊದುವವರು ಯಾರೆಂಬ ಮಾತು ಬಂದದ್ದೇ ತಡ, ವಿದ್ಯೆ ಒಂದು ಕಡೆ ಉಳಿದು ಬಿರುದುಗಳು ಎದ್ದು ನಿಂತವು. ವೈಣವಿಕನೆಂಬುದೇ ಶಾಸ್ತ್ರೋಕ್ತ ನಾಮವೆಂದು ಒಬ್ಬನು, ಮುರಳಿಯೆನ್ನದವನಿಗೆ ಕೊಳಲೇ ತಿಳಿಯದೆಂದು ಇನ್ನೊಬ್ಬನು, ನೀವಿಬ್ಬರೂ ಬರಿಯ ಬಿದಿರು ಹೊರುವವರೆಂದು ಮೂರನೆಯವನು. ತಡೆಯಬೇಕಾದ ಮಹರ್ಷಿಯಾದರೋ ಮೌನಿ.

ಬಾಗಿಲಲ್ಲಿ ಹಿರಿಯ ಶಿಷ್ಯ ವಿಪುಲಶರ್ಮನು ಬಂದವರ ಬಿರುದುಗಳನ್ನು ಓಲೆಯಲ್ಲಿ ಬರೆದುಕೊಳ್ಳುತ್ತಿದ್ದನು.

"ನೀನು ಯಾರಯ್ಯಾ?"

"ಊದೋನು, ಸೋಮಿ" ಎಂದನು ಕದರಯ್ಯ.

ವೇದವೇದಾಂಗಗಳನ್ನು ಅರೆದು ಕುಡಿದಿದ್ದ ವಿಪುಲಶರ್ಮನು ಜನ್ಮದಲ್ಲಿ ಗಣೆಯನ್ನು ಕಂಡವನಲ್ಲ. ನೀಳವಾಗಿ ಹಿಡಿದ ಕೊಳವೆಯನ್ನು ನೋಡಿದನು. ಒಲೆಯ ಮುಂದಿನ ಊದುಗೊಳವೆಯೆಂದೇ ಬಗೆದನು. "ಒಳ್ಳೆಯ ಹೊತ್ತಿಗೆ ಬಂದೆ. ಬೆಂಕಿ ನೋಡಿಕೊಳ್ಳುತ್ತಿದ್ದವನು ಜಗಳ ನೋಡಲು ಹೋಗಿದ್ದಾನೆ. ಹೋಗು, ಕುಂಡದ ಬಳಿ ಕುಳಿತು ಊದು!"

ಕದರಯ್ಯ ಹಿಗ್ಗಿ ಒಳಗೆ ಹೋದನು. ಹೋದವನಿಗೆ ಕೆಂಡವನ್ನು ತೋರಿಸಿದಾಗಲೇ ತಿಳಿದದ್ದು, ತನ್ನನ್ನು ಕರೆದದ್ದು ಒಲೆಯೂದುವುದಕ್ಕೆಂದು. ಅಪ್ಪನ ಗಣೆಗೆ ಇಂಥ ಮರ್ಯಾದೆಯೇ ಎಂದು ಎದ್ದು ನಿಂತನು, ಹಟ್ಟಿಗೆ ಹೊರಟೇಬಿಡುವವನಿದ್ದನು.

ಆಗ ಮಹರ್ಷಿಯ ಮುಖ ಕಣ್ಣಿಗೆ ಬಿತ್ತು. ನೆತ್ತಿಗೇರಿದ ಸೂರ್ಯನನ್ನೂ ಬೂದಿಯೊಳಗೆ ಅಡಗುತ್ತಿದ್ದ ಕೆಂಡವನ್ನೂ ನೋಡುತ್ತ, ಬಾಯಿಬಿಟ್ಟರೆ ವ್ರತಭಂಗ, ಬಿಡದಿದ್ದರೆ ಹನ್ನೆರಡು ವರ್ಷದ ತಪಸ್ಸು ನೀರುಪಾಲು ಎಂಬ ಸಂಕಟದಲ್ಲಿ ಆ ವೃದ್ಧನು ಕಣ್ಣೀರು ಸುರಿಸುತ್ತಿದ್ದನು. ಕೆಂಡಕ್ಕೆ ಹಿಡಿದರೆ ಗಣೆ ಸುಡುತ್ತದೆ. ಎದ್ದು ಹೋದರೆ ದೇವರು ಕಲ್ಲಾಗಿ ಉಳಿಯುತ್ತಾನೆ. ಕದರಯ್ಯ ಒಂದು ಗಳಿಗೆ ಗಣೆಯನ್ನು ಎದೆಗೊತ್ತಿಕೊಂಡನು. "ತಪ್ಪಾಯ್ತು ಅಪ್ಪಯ್ಯ, ಇದೊಂದ್ಸಾರಿ ಹೊಟ್ಟೆಗಾಕ್ಕೋ" ಎಂದವನೇ ಅದರ ಕೆಳತುದಿಯನ್ನು ಕೆಂಡದೊಳಗೆ ತೂರಿಸಿ ಬಾಗಿದನು.

ಒಲೆಯೂದಬೇಕಾದರೆ ಕೊಳವೆಯ ಬಾಯಿಯನ್ನು ತುಟಿಯಿಂದ ಮುಚ್ಚಿ, ತೂತುಗಳನ್ನೆಲ್ಲ ಬೆರಳಿಂದ ಒತ್ತಿ ಊದಬೇಕು. ಆದರೆ ಹುಟ್ಟಿದಂದಿನಿಂದ ಕಲಿತ ತುಟಿ ಕೇಳಬೇಕಲ್ಲ! ಅದು ತನ್ನಷ್ಟಕ್ಕೆ ಅಂಚಿನಲ್ಲಿ ಓರೆಯಾಯಿತು, ಬೆರಳುಗಳು ತಾವಾಗಿಯೇ ಎದ್ದವು. ಅರ್ಧ ಉಸಿರು ಕೆಂಡಕ್ಕೆ ಹೋಯಿತು, ಅರ್ಧ ಉಸಿರು ನಾದವಾಯಿತು. ಚದುರಿದ ಮಂದೆಯನ್ನು ಹಟ್ಟಿಗೆ ಕರೆಯುವ ದನಿಯದು. ಅದು ಕೇಳಿ ಗಿರಿಯ ಮೇಲಿನ ಹಸುಗಳೆಲ್ಲ ತಲೆಯೆತ್ತಿದವು, ಹೊರಗಿನ ಜಗಳ ಅಲ್ಲಿಗೇ ನಿಂತಿತು, ಯಜ್ಞೇಶ್ವರನು ಆಳೆತ್ತರಕ್ಕೆ ಭುಗಿಲೆದ್ದನು, ಮತ್ತು ಸಮಸ್ತರೂ ನೋಡುತ್ತಿರುವಂತೆಯೇ ಶಿಲಾಗೋಪಾಲನ ಎದೆಯು ಮೆಲ್ಲನೆ ಏರಿ ಇಳಿಯಿತು. ಒಡನೆಯೇ ಗಂಭೀರವಾಣಿಯೊಂದು ಮೊಳಗಿತು:

"ಕೊಳಲು ಅಡ್ಡವಿರಲಿ, ನೀಳವಿರಲಿ, ಕರೆಯುವ ಹೆಸರು ಯಾವುದೇ ಇರಲಿ, ಅದರೊಳಗೆ ಹಾಯುವ ಉಸಿರನ್ನು ನಾನು ಬಲ್ಲೆನು. ಎಲೈ ಗೋಪಾಲಕನೇ, ನಿನ್ನ ಗಣೆಗಾದ ಗಾಯವನ್ನು ನನ್ನ ಕೊಳಲಿನಲ್ಲಿ ಧರಿಸುವೆನು. ಇನ್ನು ಮುಂದೆ ನನ್ನ ಬಾಗಿಲಲ್ಲಿ, ಯಾರೆಂದು ಕೇಳಿದಾಗ ನಿನ್ನ ಮಾತನ್ನೇ ಆಡುವ ವಾದಕನು ಒಳಗೆ ಬರಲಿ."

ವಿಪುಲಶರ್ಮನ ಕೈಯ ಓಲೆ ಕುಂಡಕ್ಕೆ ಬಿತ್ತು. ಜಾರಿ ಬಿತ್ತೋ ಅವನೇ ಹಾಕಿದನೋ, ಹೇಳುವವರಿಲ್ಲ. ಮೂವರು ಮಹನೀಯರೂ ಗೊಲ್ಲನ ಹಿಂದೆ ಕುಳಿತು, ಸುಟ್ಟ ಗಣೆಯ ಶ್ರುತಿಗೆ ತಮ್ಮ ತಮ್ಮ ಶೈಲಿಯಲ್ಲೇ ಊದಿದರು. ಮೌನ ಮುರಿದ ಮಹರ್ಷಿಯ ಮೊದಲ ಮಾತು "ಕದರಯ್ಯ" ಎಂಬುದಾಗಿತ್ತಂತೆ.

ಇಂದಿಗೂ ಗರ್ಭಗುಡಿಯಲ್ಲಿ ಕಣ್ಣಾರೆ ನೋಡಬಹುದು: ಬಿಳಿಗಲ್ಲಿನ ಮೂರ್ತಿ, ಬಿಳಿಗಲ್ಲಿನ ಕೊಳಲು, ಕೊಳಲಿನ ತುದಿ ಮಾತ್ರ ಕಪ್ಪು. ಎಷ್ಟು ಕ್ಷೀರಾಭಿಷೇಕವಾದರೂ ಆ ಕಪ್ಪು ಹೋಗಿಲ್ಲ, ಹೋಗುವುದೂ ಬೇಡ. ಪ್ರತಿವರ್ಷ ಮಾರ್ಗಶಿರ ಶುದ್ಧ ದ್ವಾದಶಿಯ ಮಧ್ಯಾಹ್ನ ಎಲ್ಲ ದಿಕ್ಕಿನ, ಎಲ್ಲ ಶೈಲಿಯ ಕೊಳಲಿನವರು ಇಲ್ಲಿ ಕೂಡುತ್ತಾರೆ. ಬಾಗಿಲಲ್ಲಿ ನಿಲ್ಲುವ ಹಕ್ಕು ಕದರಯ್ಯನ ವಂಶದವರದು. ಹೋದ ವರ್ಷ ಜರಿಶಾಲಿನ ವಿದ್ವಾಂಸರೊಬ್ಬರು ತಮ್ಮ ಬಿರುದಾವಳಿಯನ್ನು ಒಂದೂ ಬಿಡದೆ ಒಪ್ಪಿಸಿದರು. ಬಾಗಿಲಲ್ಲಿದ್ದ ಕಂಬಳಿ ಹೊದ್ದ ಮುದುಕ ಕೊನೆಯವರೆಗೂ ತಾಳ್ಮೆಯಿಂದ ಕೇಳಿ, ಮತ್ತೆ ಮೊದಲಿನಂತೆಯೇ ಕೇಳಿದನು:

"ಅದೆಲ್ಲಾ ಸರಿ ಬುದ್ಧಿ, ತಾವು ಯಾರು?"

ವಿದ್ವಾಂಸರು ಶಾಲನ್ನು ಮಡಿಚಿ ಕಂಕುಳಲ್ಲಿಟ್ಟುಕೊಂಡರು. "ಊದೋನು" ಎಂದರು.

"ಹಂಗನ್ನಿ ಮತ್ತೆ. ಬನ್ನಿ ಒಳೀಕೆ."