ಕಣ್ಣು ಮುಚ್ಚಿ ಹಾಡಿದ ಹುಡುಗಿ

ಹಕ್ಕಿ ಕಾಯಲು ಜೋಳದ ಹೊಲದ ನಡುವೆ ನಾಲ್ಕು ಕಂಬ ನೆಟ್ಟು ಕಟ್ಟುವ ಅಟ್ಟಕ್ಕೆ ನಮ್ಮೂರಲ್ಲಿ ಬೇರೆ ಹೆಸರಿತ್ತು. ಮಂಚ... ಮಂಚಿಗೆ... ಸರಿಯಾಗಿ ನೆನಪಾಗುತ್ತಿಲ್ಲ. ಈ ಊರಿನಲ್ಲಿ ಕೇಳೋಣವೆಂದರೆ ಜೋಳದ ಹೊಲ ಕಂಡವರೇ ಇಲ್ಲ. ಇರಲಿ ಪುಟ್ಟೀ, ಅಟ್ಟವೆಂದೇ ಹೇಳುತ್ತೇನೆ.

ಮಕ್ಕಳಿಗೆ ಪಾಠ ಹೇಳುತ್ತಿದ್ದ ಶಿಷ್ಯನೊಬ್ಬ ಗುರುವನ್ನು ಕೇಳಿದ: "ಗುರುಗಳೇ, ನನ್ನ ಶಾಲೆಯ ಮಕ್ಕಳು ಪದ್ಯ ಕಟ್ಟುತ್ತಾರೆ. ಒಂದು ಮಗು, ಇಷ್ಟು ಓಡಿ ಬಂದ ಮಳೆಗೆ ಕಾಲು ನೋಯುವುದಿಲ್ಲವೇ ಎನ್ನುತ್ತದೆ. ಇನ್ನೊಂದು ಮಗು ಮನೆಯಲ್ಲಿ ರೊಟ್ಟಿ ಸೀದದ್ದನ್ನೇ ಹಾಡುತ್ತದೆ. ಪ್ರಾಸವಿಲ್ಲ, ಅಳತೆಯಿಲ್ಲ. ನಾನು ತಿದ್ದಿಕೊಡಬೇಡವೇ?"

ಗುರು ಹೇಳಿದರು:

ಒಬ್ಬ ರೈತನಿದ್ದ. ತೆನೆಯಲ್ಲಿ ಹಾಲು ತುಂಬುವ ಕಾಲಕ್ಕೆ ಮಗಳನ್ನು ಅಟ್ಟದ ಮೇಲೆ ಕೂರಿಸುತ್ತಿದ್ದ. ಮನೆಯ ವರ್ಷದ ರೊಟ್ಟಿ ಆ ತೆನೆಗಳಲ್ಲಿತ್ತು. ಮಗಳ ಕೈಯಲ್ಲಿ ಕವಣೆ ಇದ್ದರೂ ಅವಳು ಕಲ್ಲಿಗಿಂತ ಹೆಚ್ಚಾಗಿ ಹಾಡನ್ನೇ ಎಸೆಯುತ್ತಿದ್ದಳು. ಕಂಡ ಹಕ್ಕಿಗೆ ಕಂಡ ಹಾಗೆ.

"ಏ ಗಿಳಿಯೇ, ಮೂಲೆಯ ಗಿಳಿಯೇ,
ತಿಂದು ತಿಂದು ಕೆಂಪಾದ ಮೂಗು ಒರೆಸಿಕೊ,
ನಮ್ಮಪ್ಪ ಬಂದರೆ ಏನನ್ನುತ್ತೀ?"

ಮೂಲೆಯ ಗಿಳಿ ಹಾರಿಹೋಗುತ್ತಿತ್ತು.

ರೈತನಿಗೆ ಹೆಮ್ಮೆ. ದಾರಿಯಲ್ಲಿ ಹೋಗುತ್ತಿದ್ದ ಪಂಡಿತರನ್ನು ಕರೆದು, "ಸ್ವಾಮೀ, ನಮ್ಮ ಕೂಸಿನ ಹಾಡು ಎತ್ತೆತ್ತಲೋ ಹೋಗುತ್ತದೆ. ಸ್ವಲ್ಪ ಓರಣ ಮಾಡಿಕೊಡಿ" ಎಂದ. ಪಂಡಿತರು ಒಳ್ಳೆಯವರು. ಅಟ್ಟದ ನೆರಳಲ್ಲಿ ಕೂತು ಗಿಳಿಯ ಮೇಲೆ ಒಂದು ಹಾಡು ಕಟ್ಟಿ, ಬಾಯಿಪಾಠ ಮಾಡಿಸಿ ಹೋದರು. ಅದರಲ್ಲಿ ಪ್ರಾಸವಿತ್ತು, ನಂದನವನವಿತ್ತು. ಹಾಡು ನಿಜವಾಗಿಯೂ ಚೆನ್ನಾಗಿತ್ತು.

ಮರುದಿನ ರೈತ ಹೊಲದಂಚಿನ ಬೇವಿನ ಕೆಳಗೆ ಅಡ್ಡಾದ. ಮಗಳ ದನಿ ಎಲ್ಲೂ ತಪ್ಪದೆ ಕೇಳಿಬರುತ್ತಿತ್ತು. ಕಾವಲು ನಡೆದಿದೆಯೆಂದು ನಿದ್ದೆ ಹೋದ. ಎದ್ದು ನೋಡಿದರೆ ಹೊಲದ ಒಂದು ಮಗ್ಗುಲಲ್ಲಿ ತೆನೆಗಳೆಲ್ಲ ಬರಿದಾಗಿದ್ದವು. ಗಿಳಿಗಳು ಅಟ್ಟದ ಬುಡಕ್ಕೇ ಬಂದು ಕೂತಿದ್ದವು. ಮೇಲೆ ಮಗಳು ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಹಾಡುತ್ತಿದ್ದಳು.

"ಕಣ್ಣು ಬಿಡೇ ತಾಯಿ! ಇಷ್ಟು ಗಿಳಿ ಕಾಣಲಿಲ್ಲವೇನೇ?"

"ಕಣ್ಣು ಬಿಟ್ಟರೆ ಗಿಳಿ ಕಾಣುತ್ತದಪ್ಪಾ. ಹಾಡು ಮರೆತುಹೋಗುತ್ತದೆ."

ರೈತ ಬೈಯಲಿಲ್ಲ. ಅಟ್ಟ ಹತ್ತಿ ಅವಳ ಪಕ್ಕದಲ್ಲಿ ಕೂತ. "ಪಂಡಿತರ ಗಿಳಿ ಹಾಗಿರಲಿ. ನಮ್ಮ ಮೂಲೆಯ ಗಿಳಿ ಈಗ ಹೇಗಿದೆ, ಹೇಳು" ಎಂದ.

ಮಗಳು ಕಣ್ಣೊರೆಸಿಕೊಂಡು ನೋಡಿದಳು. "ಹೊಟ್ಟೆ ಭಾರವಾಗಿ ಏಳಲಾರದೆ ಕೂತಿದೆ, ಕಳ್ಳ ಗಿಳಿ!" ಎಂದು ಕೂಗಿದಳು. ಗಿಳಿ ಎದ್ದಿತು.

ಗುರು ಇಲ್ಲಿಗೆ ನಿಲ್ಲಿಸಿದರು.

"ಹಾಗಾದರೆ ತಿದ್ದಲೇಬಾರದೇ?" ಎಂದ ಶಿಷ್ಯ.

"ನಾಳೆ ಆ ಮಗು ಪದ್ಯ ಹೇಳುವಾಗ ಅದರ ಕಣ್ಣು ಮಳೆಯ ಕಡೆಗಿದೆಯೋ ನಿನ್ನ ಕಡೆಗಿದೆಯೋ, ಮೊದಲು ಅದನ್ನು ನೋಡು" ಎಂದರು ಗುರು.



ಕತೆ ಇಷ್ಟೇ, ಪುಟ್ಟೀ. ಆ ಅಟ್ಟದ ಹೆಸರು ಸಿಕ್ಕಾಗ ಸಿಗಲಿ. ಬೆಳಿಗ್ಗೆ ಕಿಟಕಿಯಲ್ಲಿ ನಿಂತು ಪಾರಿವಾಳಕ್ಕೆ ಏನೋ ಹೇಳುತ್ತಿದ್ದೆಯಲ್ಲ, ಅಜ್ಜಿ ತಿದ್ದುವುದಿಲ್ಲ, ಹೇಳಿದ ಹಾಗೆಯೇ ಬರೆದಿಡು.