ಏರಿಗೆ ಉಸಿರು ಕೊಟ್ಟ ತಿಪ್ಪೇಶಿ

ಕೇಳ್ರಪ್ಪಾ, ಪಾಲವ್ವನಿಗೆ ಒಬ್ಬನೇ ಮಗ, ತಿಪ್ಪೇಶಿ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡೋನು. ಮಾಡಿ, ಹಿಂಗ್ಯಾಕಾಯ್ತು ಅಂತ ಕಣ್ಣರಳಿಸಿ ನೋಡೋನು.

ಹಟ್ಟಿಯ ದನಕ್ಕೆಲ್ಲ ಇದ್ದದ್ದು ಒಂದೇ ನೀರಿನ ಕಟ್ಟೆ. ಹೋದ ಸಲದ ಮಳೆಗೆ ಅದರ ಏರಿ ಒಡೆದಿತ್ತು. ಈ ಸಲ ಮಳೆಗೆ ಮೊದಲೇ ಕಟ್ಟಬೇಕು. "ಮೇಸ್ತ್ರಿ ಸಣ್ಣೀರಪ್ಪಣ್ಣ ಹೇಳಿದಷ್ಟು ಮಾಡಪ್ಪಾ" ಅಂತ ಅವ್ವ ಕಳಿಸಿದಳು.

"ಜೇಡಿಮಣ್ಣು ಒಣಗೈತೆ. ಹೊಟ್ಟೆ ತುಂಬ ನೀರು ಕುಡಿಸಲೇ!" ಅಂದ ಮೇಸ್ತ್ರಿ.

ತಿಪ್ಪೇಶಿ ಕೊಡದ ಮೇಲೆ ಕೊಡ ಸುರಿದ. ಮಣ್ಣು ಸಾಕು ಅನ್ನಲಿಲ್ಲ. ಇನ್ನೂ ಸುರಿದ. ಮಣ್ಣು ಗಟ್ಟಿ ಮಾಡೋ ದಿಮ್ಮಸು ಎತ್ತಿ ಬಡಿದರೆ ಪಚಕ್!

"ಅರೆರೆ! ಬಡಿದಿದ್ದು ಇಲ್ಲಿ, ಉಬ್ಬಿದ್ದು ಅಲ್ಲಿ!"

"ಅಯ್ಯೋ ಪೆದ್ದೇ! ಕೆಸರು ಗಟ್ಟಿಯಾಗ್ತದೇನೋ? ನೀರು ಚಿಮುಕಿಸು. ಮುಷ್ಟೀಲಿ ಹಿಡಿ. ಉಂಡೆಯಾದ್ರೆ ಹದ!"

ಮಾರನೇ ದಿನ ಸಂಜೆ ಮೇಸ್ತ್ರಿ ಬಂದು ನೋಡಿದರೆ ಏರಿ ಎದ್ದಿಲ್ಲ. ಗಾಡಿ ಮಣ್ಣೆಲ್ಲ ಉಂಡೆ, ಮದುವೆ ಲಾಡಿನ ಹಾಗೆ ಸಾಲುಸಾಲು!

"ಎಲ್ಲಾ ಹದ ಐತಣ್ಣಾ. ಒಂದೊಂದೂ ಹಿಡಿದು ನೋಡೀನಿ!"

"ಒಂದು ನೋಡಿದ್ರೆ ಸಾಕಿತ್ತಲ್ಲೋ! ನಾಲ್ಕು ಬೆರಳು ದಪ್ಪ ಹರಡು, ಬಡಿ. ಹಿಮ್ಮಡಿ ಊರಿದ್ರೂ ಗುರುತು ಬೀಳಬಾರದು. ಮತ್ತೆ ಹರಡು, ಮತ್ತೆ ಬಡಿ!"

ಹರಡಿದ, ಬಡಿದ. ಹರಡಿದ, ಬಡಿದ. ಏರಿ ಕಲ್ಲಾಯಿತು. ಮಳೆ ಬಂತು, ಕಟ್ಟೆ ತುಂಬಿತು, ಹನಿ ನೀರು ಸೋರಲಿಲ್ಲ. ಪಾಲವ್ವನ ಕಣ್ಣಲ್ಲಿ ನೀರು. "ನನ್ನ ಮಗನಿಗೂ ಕೆಲಸ ಬಂತು! ಹಿತ್ತಲಲ್ಲಿ ಕೊತ್ತಂಬರಿ ಬಿತ್ತು ಮಗಾ, ಮಣ್ಣು ಹದ ಮಾಡಿ."

ಬಿತ್ತಿದ. ಬಡಿದ. ಹಿಮ್ಮಡಿಯ ಗುರುತಿರಲಿ, ಕೋಳಿ ಕೆದರಿದರೂ ಗೀರು ಬೀಳಲಿಲ್ಲ.

"ಅಯ್ಯೋ, ಬೀಜಾನ ಉಸಿರು ಕಟ್ಟಿಸಿ ಕೊಂದೆಯಲ್ಲೋ! ಮಣ್ಣು ಉಸಿರಾಡಬೇಕು ಕಣೋ! ಹಾರೆ ಹಾಕಿ ಸಡಿಲ ಮಾಡು!" ಅಂದಳು ಅವ್ವ.

ತಿಪ್ಪೇಶಿ ಕಟ್ಟೆಯ ಕಡೆ ತಿರುಗಿ ನೋಡಿದ. ಹಂಗಾದ್ರೆ ಪಾಪ, ಆ ಏರಿ? ಎಷ್ಟು ದಿನದಿಂದ ಉಸಿರು ಹಿಡಿದೈತೋ! ಹಾರೆ ಹೊತ್ತು ಓಡಿದ. ಕುಟ್ಟಿದ, ಕುಟ್ಟಿದ, ಕೊನೆಗೆ ತೂತು ಬಿತ್ತು. ಚಿರ್ರಂತ ನೀರು!

"ಓಹೋ! ಇದರ ಉಸಿರು ಒದ್ದೆ ಐತೆ!"

ಮೇಸ್ತ್ರಿ ಎದ್ದುಬಿದ್ದು ಓಡಿ ಬಂದ. "ತೂತಿಗೆ ಬೆನ್ನು ಕೊಟ್ಟು ಕೂರಲೇ! ನಾ ಹೇಳೋ ತನಕ ಅಲ್ಲಾಡಬೇಡ!"

ಕೂತ. ಜನ ನೀರಿನ ಕಡೆಯಿಂದ ಜೇಡಿಮಣ್ಣು ತುಂಬಿ ತುಳಿದರು. ಸೋರಿಕೆ ನಿಂತಿತು, ದನದ ನೀರು ಉಳಿಯಿತು. ಉಸ್ಸಪ್ಪಾ ಅಂತ ಎಲ್ಲರೂ ಮನೆಗೆ ಹೋದರು, ಮೇಸ್ತ್ರಿಯೂ ಹೋದ.

ಸಂಜೆ ಪಾಲವ್ವ ಹುಡುಕಿಕೊಂಡು ಬಂದಳು. ಮಗ ಕೂತೇ ಇದ್ದಾನೆ. ಮೈಗೆ ಮೆತ್ತಿದ ಕೆಸರು ಬಿಸಿಲಿಗೆ ಒಣಗಿ ಚಟಚಟ ಬಿರಿಯುತ್ತಿದೆ.

"ಏಳೋ ಮಗಾ!"

"ಶ್! ಮೇಸ್ತ್ರಣ್ಣ ಇನ್ನೂ ಹೇಳಿಲ್ಲ. ನಾನು ಅಲ್ಲಾಡಿಲ್ಲ ಕಣವ್ವಾ. ಈ ಮಣ್ಣೇ ನೋಡು, ಹೇಳಿದ ಮಾತು ಕೇಳದೆ ಅಲ್ಲಾಡ್ತೈತೆ. ಬೈಯವ್ವಾ ಇದಕ್ಕೆ!"