ಮಂಚ ಹತ್ತಿದ ಪರೀಕ್ಷಕ

ನರ್ಸಿಂಗ್ ಮೊದಲ ವರ್ಷದ ಪ್ರಾಕ್ಟಿಕಲ್ ಪರೀಕ್ಷೆ. ಪರೀಕ್ಷಕರಾಗಿ ಬಂದ ಡಾಕ್ಟರ್ ಪಟ್ಟಣಶೆಟ್ಟಿ ತಾವೇ ಮಂಚ ಹತ್ತಿ ಮಲಗಿಬಿಟ್ಟರು.

"ನಾನೀಗ ರೋಗಿ. ಇನ್ನೊಂದು ತಾಸಿಗೆ ನನ್ನ ಆಪರೇಷನ್. ಸರ್ ಅಂದವರು ಫೇಲ್," ಅಂದರು.

ಬಾಯಿತಪ್ಪಿ ಸರ್ ಅಂದ ಹುಡುಗಿಯರು ಅಳುತ್ತ ಹೊರಗೆ ಹೋದರು.

ಹುಲಿಗೆಮ್ಮನ ಸರದಿ ಬಂತು. ಅವಳು ನಾಡಿ ನೋಡುತ್ತಿದ್ದಾಗಲೇ ಪರೀಕ್ಷಕರಿಗೆಂದು ಮಂಡಕ್ಕಿಯ ಗಿರಮಿಟ್ಟು, ಚಹಾ ಬಂದವು. ಡಾಕ್ಟರು ಕೈ ಚಾಚಿದರು. ಹುಲಿಗೆಮ್ಮ ತಟ್ಟೆಯನ್ನು ಎತ್ತಿ ದೂರ ಇಟ್ಟಳು.

"ಆಪರೇಷನ್ ಐತ್ರಿ ಅಜ್ಜಾರ. ಹನಿ ನೀರೂ ಕುಡಿಯಂಗಿಲ್ಲ."

"ಏ ಹುಡುಗಿ, ನಾನು ಎಕ್ಸಾಮಿನರ್."

"ಹೌದ್ರಿ. ಹೆದರಿಕಿಗೆ ಹಂಗ ಅನಸ್ತೈತಿ. ಮಲಕ್ಕೋರಿ," ಎಂದು ಹೊದಿಕೆಯನ್ನು ಗದ್ದದವರೆಗೆ ಎಳೆದಳು.

ಡಾಕ್ಟರಿಗೆ ಗಲಿಬಿಲಿಯಾಯಿತು. ಬೈದರೆ ರೋಗಿ ಬೈದಂತೆ. ಎದ್ದರೆ ತಮ್ಮ ಮಾತನ್ನು ತಾವೇ ಮುರಿದಂತೆ. ತಾವು ಯಾರೆಂಬುದೇ ಅವರಿಗೆ ಬಗೆಹರಿಯಲಿಲ್ಲ. ಅತ್ತ ಚಹಾ ಆರುತ್ತಿತ್ತು.

"ಆಯ್ತವ್ವಾ, ನೀನು ಪಾಸ್. ಚಹಾ ಕೊಡು," ಎಂದು ಕಡೆಗೆ ಬೇಡಿಕೊಂಡರು.

"ಪೇಶಂಟ್ ಹೇಳಿದ್ರ ಯಾರೂ ಪಾಸ್ ಆಗಂಗಿಲ್ರಿ ಅಜ್ಜಾರ. ಫೇಲೂ ಆಗಂಗಿಲ್ಲ. ಹೊರಗ ಅಳಾಕತ್ತಿದ ಹುಡುಗ್ಯಾರ್ನ ವಾಪಸ್ ಕರೀಲೇನ್ರಿ?"

ಹೊದಿಕೆಯೊಳಗಿನಿಂದ ಒಂದು ಕೈ ಹೊರಬಂದು, ಕರೆ ಎಂದು ಸನ್ನೆ ಮಾಡಿತು.